ಪಿಯಾನೋ ಮಾರಿದ ಮಹನೀಯರು

1817ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಲಂಡನ್ನಿನ ಬ್ರಾಡ್‌ವುಡ್ ಕಂಪೆನಿಯವರು ಆರು ಸ್ಥಾಯಿಗಳ ವ್ಯಾಪ್ತಿಯುಳ್ಳ ದೊಡ್ಡ ಪಿಯಾನೋ ಒಂದನ್ನು ಹಡಗಿಗೇರಿಸಿದರು. ಅದು ಟ್ರಿಯೆಸ್ಟ್ ಬಂದರಿನಲ್ಲಿ ಇಳಿದು, ಅಲ್ಲಿಂದ ಗಾಡಿಯ ಮೇಲೆ ಪರ್ವತದ ದಾರಿಯನ್ನು ಸವೆಸಿ, ಮರುವರ್ಷ ವಿಯೆನ್ನಾ ನಗರವನ್ನು ಮುಟ್ಟಿತು. ಪಡೆಯಬೇಕಾಗಿದ್ದವನು ಬೀಥೋವನ್. ವಾದ್ಯದ ಹಲಗೆಯ ಮೇಲೆ, ಇದು ಬೀಥೋವನ್ನನ ಪ್ರತಿಭೆಗೆ ಥಾಮಸ್ ಬ್ರಾಡ್‌ವುಡ್ ಸಲ್ಲಿಸಿದ ಕಾಣಿಕೆ ಎಂದು ಲ್ಯಾಟಿನ್ ಭಾಷೆಯಲ್ಲಿ ಬರೆದಿತ್ತು. ಲಂಡನ್ನಿನಲ್ಲಿದ್ದ ಐವರು ಸಂಗೀತಗಾರರ ಸಹಿಗಳೂ ಅದರಲ್ಲಿದ್ದುವು. ಬೀಥೋವನ್ ಸೌಜನ್ಯದಲ್ಲಿ ಹಿಂದೆ ಬೀಳಲಿಲ್ಲ. ವಾದ್ಯ ಇನ್ನೂ ದಾರಿಯಲ್ಲಿರುವಾಗಲೇ, 1818ರ ಫೆಬ್ರುವರಿ 3ರಂದು, ಫ್ರೆಂಚ್ ಭಾಷೆಯಲ್ಲಿ ಕೃತಜ್ಞತೆಯ ಪತ್ರವನ್ನು ಬರೆದು ಕಳುಹಿಸಿದ. ತನ್ನ ಭೇಟಿಗೆ ಬಂದವರು ಹೇಳಬೇಕಾದುದನ್ನು ಬರೆದು ತೋರಿಸಲೆಂದು ಅವನು ಪುಸ್ತಕವೊಂದನ್ನು ಇರಿಸಿಕೊಳ್ಳತೊಡಗಿದ್ದೂ ಅದೇ 1818ರಲ್ಲಿಯೇ. ಕಿವಿ ಅಷ್ಟರಮಟ್ಟಿಗೆ ಸೋತಿತ್ತು.

ಈ ಕಾಣಿಕೆಯಲ್ಲಿ ವ್ಯಾಪಾರಕ್ಕಿಂತ ಗೌರವವೇ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಬಹುದು. ಬೀಥೋವನ್ ಆ ಪಿಯಾನೋವನ್ನು ನಿಜವಾಗಿಯೂ ಪ್ರೀತಿಸಿದ. ಕೆಲವೇ ವರ್ಷಗಳಲ್ಲಿ ಅದರ ತಂತಿಗಳು ಕಡಿದು ಒಂದರೊಳಗೊಂದು ತೊಡರಿಕೊಂಡಿದ್ದುವೆಂದು ಕಂಡವರು ಬರೆದಿಟ್ಟಿದ್ದಾರೆ. ಆದರೂ ಮುಂದಿನ ಇನ್ನೂರು ವರ್ಷಗಳ ವಾದ್ಯವ್ಯಾಪಾರದ ಒಂದು ಲಕ್ಷಣ ಈ ಸಂಗತಿಯಲ್ಲಿ ಆಗಲೇ ಮೊಳೆತಿದೆ. ವಾದ್ಯವನ್ನು ಕೇಳುವ ಮೊದಲೇ ಮೆಚ್ಚುಗೆಯ ಪತ್ರ ಸಿದ್ಧವಾಗುತ್ತದೆ.

ಇಂಥ ಜಾಹೀರಾತಿನ ಮಾದರಿ ಯಾರಿಗೂ ಹೊಸದಲ್ಲ. ಪುಟದ ಒಂದು ಭಾಗದಲ್ಲಿ ವಾದ್ಯವನ್ನು ಎದೆಗಾನಿಸಿಕೊಂಡು ಮುಗುಳ್ನಗುವ ಕಲಾವಿದ. ಇನ್ನೊಂದು ಭಾಗದಲ್ಲಿ, ಇದಕ್ಕೆ ಸಮನಾದ ವಾದ್ಯವನ್ನು ತಾನು ಕಂಡದ್ದಿಲ್ಲವೆಂಬ ಮೂರು ಸಾಲುಗಳು. ಕೆಳಗೆ ಓರೆಯಾಗಿ ಎಳೆದ ಸಹಿ. ಕಾಗದದ ಪುಟದಿಂದ ಫೋನಿನ ಪರದೆಗೆ ಹಾರಿದ ಮೇಲೂ ಆ ಮೂರು ಸಾಲುಗಳು ಬದಲಾಗಿಲ್ಲ. ‘ಮಧುರ’, ‘ಗಂಭೀರ’, ‘ಅನುಪಮ’ ಎಂಬ ವಿಶೇಷಣಗಳನ್ನು ಅಲ್ಲಿಂದ ಕಿತ್ತು ಹಾಸಿಗೆಯ ಜಾಹೀರಾತಿಗೆ ಅಂಟಿಸಿದರೂ ಅರ್ಥ ಕೆಡುವುದಿಲ್ಲ. ಇನ್ನೊಂದು ವಿಚಿತ್ರವಿದೆ. ದಿನಕ್ಕೆ ಎಂಟು ಗಂಟೆ ನುಡಿಸುವವನ ವಾದ್ಯದಲ್ಲಿ ಬೆರಳು ಸವೆಸಿದ ಗುರುತು, ಬೆವರಿನ ಕಲೆ, ಒಂದೆರಡು ಗೀರುಗಳು ಇರಲೇಬೇಕು. ಚಿತ್ರದಲ್ಲಿರುವುದಾದರೋ ಆಗತಾನೆ ಪೆಟ್ಟಿಗೆಯಿಂದ ತೆಗೆದ, ಒಂದು ಗೆರೆಯೂ ಬೀಳದ ವಾದ್ಯ. ಅದನ್ನು ಆ ಮಹಾಶಯ ಚಿತ್ರ ತೆಗೆಯುವವನಿಗಾಗಿಯೇ ಮೊದಲ ಸಲ ಕೈಗೆತ್ತಿಕೊಂಡಿರಬೇಕೆಂಬ ಅನುಮಾನ ಯಾವ ಗೃಹಿಣಿಗಾದರೂ ಬರುವಂಥದೇ.

ಈ ಪದ್ಧತಿ ಪಿಯಾನೋದ ನೆರಳಿನಲ್ಲಿಯೇ ಏಕೆ ಇಷ್ಟು ಕೊಬ್ಬಿ ಬೆಳೆಯಿತೆಂಬುದಕ್ಕೆ ಸರಳವಾದ ಕಾರಣವುಂಟು. ವೈಣಿಕನು ತನ್ನ ವೀಣೆಯನ್ನು ಜೊತೆಯಲ್ಲಿಯೇ ಒಯ್ಯುತ್ತಾನೆ. ಪಿಟೀಲು ವಿದ್ವಾಂಸನಿಗೆ ಒಂದು ಪೆಟ್ಟಿಗೆ ಸಾಕು. ಕಚೇರಿಯ ಪಿಯಾನೋದ ತೂಕವೋ ಸುಮಾರು 480 ಕಿಲೋಗ್ರಾಂ. ಊರೂರಿಗೆ ಅದನ್ನು ಸಾಗಿಸಬೇಕು, ಇಳಿಸಿದ ಕಡೆಯಲ್ಲೆಲ್ಲ ಶ್ರುತಿ ಮಾಡುವವನಿರಬೇಕು. ಈ ಭಾರವನ್ನು ಹೊರಬಲ್ಲವನು ತಯಾರಕ. ಆದುದರಿಂದ ಅವನು ವಾದ್ಯವನ್ನೂ ಶ್ರುತಿಕಾರನನ್ನೂ ಕೊಟ್ಟ. ಕಲಾವಿದ ತನ್ನ ಹೆಸರನ್ನು ಕೊಟ್ಟ. ಲೆಕ್ಕ ಸರಿಯಾಯಿತು. ಕೇಳುಗನಿಗೆ ಮಾತ್ರ ಈ ಲೆಕ್ಕದ ಪುಸ್ತಕವನ್ನು ಯಾರೂ ತೋರಿಸಲಿಲ್ಲ.

ಇಂಥ ಸ್ನೇಹ ಒಬ್ಬರೊಡನೆಯೇ ಇರಬೇಕೆಂಬ ನಿಯಮವೂ ಆಗ ಇರಲಿಲ್ಲ. 1848ರಲ್ಲಿ ಶೋಪ್ಯಾನ್ ಲಂಡನ್ನಿಗೆ ಬಂದಿಳಿದಾಗ ಅವನ ಬಿಡಾರದ ಕೋಣೆಯಲ್ಲಿ ಮೂರು ಪಿಯಾನೋಗಳಿದ್ದುವು. ಒಂದು ಪ್ಲೆಯೆಲ್, ಒಂದು ಎರಾರ್, ಒಂದು ಬ್ರಾಡ್‌ವುಡ್. ಮೂವರು ಪ್ರತಿಸ್ಪರ್ಧಿಗಳು ಒಂದೇ ಸೂರಿನಡಿ! ಫ್ರಾನ್ಸ್ ಲಿಸ್ಟ್ ಇನ್ನೂ ಉದಾರಿ. ಬಾಲಪ್ರತಿಭೆಯಾಗಿದ್ದಾಗ ಎರಾರ್ ಮನೆತನದ ವಾದ್ಯವನ್ನು ಯೂರೋಪಿಗೆಲ್ಲ ಕೇಳಿಸಿದವನು, ಮುಂದೆ ವಿಯೆನ್ನಾದ ಬೋಸೆನ್‌ಡಾರ್ಫರ್, ಬರ್ಲಿನ್ನಿನ ಬೆಖ್‌ಸ್ಟೈನ್, ಅಮೆರಿಕದ ಚಿಕರಿಂಗ್ ಹಾಗೂ ಸ್ಟೈನ್‌ವೇ ಕಂಪೆನಿಗಳೆಲ್ಲಕ್ಕೂ ಒಳ್ಳೆಯ ಮಾತು ಬರೆದುಕೊಟ್ಟ. 1867ರ ಪ್ಯಾರಿಸ್ ಪ್ರದರ್ಶನ ಮುಗಿದ ಮೇಲೆ ಫ್ರಾಂಕ್ ಚಿಕರಿಂಗ್ ತಾನೇ ರೋಮ್ ನಗರಕ್ಕೆ ಹೋಗಿ ಲಿಸ್ಟನಿಗೆ ಪಿಯಾನೋ ಒಂದನ್ನು ಒಪ್ಪಿಸಿ ಬಂದ. ಲಿಸ್ಟನ ಮೆಚ್ಚುಗೆ ಸುಳ್ಳಾಗಿತ್ತೆಂದು ಯಾರೂ ಹೇಳಲಾರರು. ಒಳ್ಳೆಯ ವಾದ್ಯಗಳೆಲ್ಲ ಅವನಿಗೆ ಒಳ್ಳೆಯವೇ ಆಗಿ ಕಂಡಿರಬಹುದು, ಏಕೆಂದರೆ ಅವನ ಕೈಯಲ್ಲಿ ಅವು ಒಳ್ಳೆಯವಾಗುತ್ತಿದ್ದುವು. ಆದರೆ ಎಲ್ಲ ಅಂಗಡಿಗಳ ಬಾಗಿಲಲ್ಲಿಯೂ ಒಂದೇ ಸಹಿ ತೂಗುತ್ತಿದ್ದರೆ ಕೊಳ್ಳುವವನು ಯಾವ ಬಾಗಿಲನ್ನು ತಟ್ಟಬೇಕು?

ಅದೇ 1867ರ ಪ್ರದರ್ಶನದಲ್ಲಿ ಸ್ಟೈನ್‌ವೇ ಮತ್ತು ಚಿಕರಿಂಗ್ ಎರಡಕ್ಕೂ ಚಿನ್ನದ ಪದಕ ದೊರೆಯಿತು. ಚಿಕರಿಂಗ್ ಮಹಾಶಯನಿಗೆ ಅದರ ಮೇಲೆ ಫ್ರಾನ್ಸಿನ ಚಕ್ರವರ್ತಿಯ ಗೌರವ ಪದವಿ. ತಾವೇ ಮೊದಲಿಗರೆಂದು ಎರಡು ಕಂಪೆನಿಗಳೂ ಊರು ತುಂಬ ಡಂಗುರ ಹೊಡೆದುವು. ಪದಕಗಳು ಸಮನಾದ ಮೇಲೆ ಉಳಿದ ಆಯುಧ ಮನುಷ್ಯರೇ. 1872ರಲ್ಲಿ ಸ್ಟೈನ್‌ವೇ ಕಂಪೆನಿಯ ಬೆಂಬಲದಿಂದ ರಷ್ಯದ ಆಂಟನ್ ರೂಬಿನ್‌ಸ್ಟೈನ್ ಅಮೆರಿಕಕ್ಕೆ ಬಂದು, ಎಂಟು ತಿಂಗಳ ಅವಧಿಯಲ್ಲಿ 215 ಕಚೇರಿಗಳನ್ನು ಮಾಡಿದ. ನೂಲುವ ಯಂತ್ರಕ್ಕೂ ಇಷ್ಟು ದುಡಿಮೆ ಹೆಚ್ಚೇ. ಮತ್ತೆ ಎಷ್ಟು ಹಣದ ಆಸೆ ತೋರಿಸಿದರೂ ಅವನು ಆ ದೇಶದ ಕಡೆ ತಲೆ ಹಾಕಲಿಲ್ಲ.

ಎದುರಾಳಿ ಸುಮ್ಮನಿರಲಿಲ್ಲ. 1875ರಲ್ಲಿ ಚಿಕರಿಂಗ್ ಕಂಪೆನಿ ಜರ್ಮನಿಯ ಹಾನ್ಸ್ ಫಾನ್ ಬ್ಯೂಲೋವನ್ನು ಕರೆಸಿತು. ವಿದ್ವತ್ತಿನಲ್ಲಿ ಬೃಹಸ್ಪತಿ, ಕೋಪದಲ್ಲಿ ದೂರ್ವಾಸ. ಚೈಕೋವ್‌ಸ್ಕಿಯ ಮೊದಲ ಪಿಯಾನೋ ಕನ್ಚೆರ್ಟೋ ಲೋಕದ ಕಿವಿಗೆ ಮೊದಲು ಬಿದ್ದುದು 1875ರ ಅಕ್ಟೋಬರ್ 25ರಂದು, ಬಾಸ್ಟನ್ ನಗರದಲ್ಲಿ, ಇವನ ಕೈಯಿಂದಲೇ. ನ್ಯೂಯಾರ್ಕಿನಲ್ಲಿ ಚಿಕರಿಂಗ್ ಕಂಪೆನಿ ಕಟ್ಟಿಸಿದ ಹೊಸ ಸಭಾಂಗಣವೂ ಮರುತಿಂಗಳು ಇವನ ವಾದನದಿಂದಲೇ ತೆರೆಯಿತು. ಇಷ್ಟೆಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಸಭಿಕರ ಕಣ್ಣಿಗೆ ಬೀಳುವಂತೆ, ದಪ್ಪ ಅಕ್ಷರಗಳಲ್ಲಿ ಕಂಪೆನಿಯ ಹೆಸರು ಬರೆದ ಹಲಗೆಯನ್ನು ಪಿಯಾನೋದ ಪಕ್ಕಕ್ಕೆ ತೂಗುಹಾಕುವುದು ಆಗಿನ ವಾಡಿಕೆ. ಬಾಲ್ಟಿಮೋರಿನಲ್ಲಿ ಅಭ್ಯಾಸಕ್ಕೆಂದು ಬಂದ ಬ್ಯೂಲೋ ಆ ಹಲಗೆಯನ್ನು ಕಂಡು ಕೆರಳಿ, ಅದನ್ನು ಕಿತ್ತು ನೆಲಕ್ಕೆಸೆದ. ತಾನು ಊರೂರು ತಿರುಗುವ ಜಾಹೀರಾತಲ್ಲವೆಂಬುದು ಅವನ ಕೂಗು. ಪಾಪ, ಅವನು ಅದೇ ಆಗಿದ್ದ; ಪ್ರಯಾಣದ ವೆಚ್ಚವನ್ನು ಹೊತ್ತವರು ಹಾಗೆಂದೇ ತಿಳಿದಿದ್ದರು. ಹೆಸರನ್ನು ಮಾರಿಕೊಂಡ ಮೇಲೆ ಹಲಗೆಯ ಮೇಲೆ ಮುನಿಯುವುದು ತಡವಾದ ಸ್ವಾಭಿಮಾನ. ಆದರೂ ಇಡೀ ಪಿಯಾನೋ ವ್ಯಾಪಾರದ ಇತಿಹಾಸದಲ್ಲಿ ಮನಸ್ಸಿಗೆ ಹಿತವಾಗುವ ಪ್ರಸಂಗಗಳಲ್ಲಿ ಇದೂ ಒಂದು.

ಪಾಡೆರೆವ್‌ಸ್ಕಿಯ ಕಥೆ ಇನ್ನೂ ಸ್ವಾರಸ್ಯ. ಮುಂದೆ, 1919ರಲ್ಲಿ, ಪೋಲೆಂಡಿನ ಪ್ರಧಾನಿಯಾದ ಈ ಮಹನೀಯ 1891ರಲ್ಲಿ ಸ್ಟೈನ್‌ವೇ ಕಂಪೆನಿಯ ಆಶ್ರಯದಲ್ಲಿ ಅಮೆರಿಕಕ್ಕೆ ಬಂದವನು. 1893ರಲ್ಲಿ ಷಿಕಾಗೋ ನಗರದಲ್ಲಿ ಲೋಕಪ್ರದರ್ಶನ ಏರ್ಪಟ್ಟಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಆ ಪ್ರದರ್ಶನದ ಅಂಗವಾಗಿಯೇ. ಬಹುಮಾನದ ತೀರ್ಪಿನ ಕ್ರಮವನ್ನು ಒಪ್ಪದೆ ಸ್ಟೈನ್‌ವೇ ಮುಂತಾದ ಕೆಲವು ತಯಾರಕರು ಪ್ರದರ್ಶನದಿಂದ ಹಿಂದೆ ಸರಿದರು. ಹಾಗಿದ್ದಲ್ಲಿ ಅವರ ಪಿಯಾನೋ ಇಲ್ಲಿನ ವೇದಿಕೆಯನ್ನು ಏರಕೂಡದೆಂದು ಅಧಿಕಾರಿಗಳ ಆಜ್ಞೆಯಾಯಿತು. ಪಾಡೆರೆವ್‌ಸ್ಕಿಯೋ, ಬೇರೆಯದನ್ನು ತಾನು ಮುಟ್ಟುವವನಲ್ಲವೆಂದು ಹಟ ಹಿಡಿದ. ಮೇ 2ರಂದು ಕೊನೆಗೂ ಅವನು ನುಡಿಸಿದ್ದು ಸ್ಟೈನ್‌ವೇ ಪಿಯಾನೋವನ್ನೇ. ಪತ್ರಿಕೆಗಳು ಹಾಹಾಕಾರವೆಬ್ಬಿಸಿದುವು, ಕೋಪವೆಲ್ಲ ಸಂಗೀತ ನಿರ್ದೇಶಕನಾಗಿದ್ದ ಥಿಯೋಡೋರ್ ಥಾಮಸನ ತಲೆಗೆ ಸುತ್ತಿಕೊಂಡಿತು. ಆಗಸ್ಟಿನಲ್ಲಿ ಅವನು ರಾಜೀನಾಮೆಯಿತ್ತು ಹೊರಟುಹೋದ.

ಕಲಾವಿದನೊಬ್ಬ ವಾದ್ಯಕ್ಕಾಗಿ ಇಷ್ಟು ನಿಷ್ಠೆ ತೋರಿದನೆಂದರೆ ಆ ಮಾತಿಗೆ ಬೆಲೆ ಕೊಡಲೇಬೇಕೆಂದು ಆಗಿನ ಓದುಗರಿಗೆ ಅನ್ನಿಸಿರಬೇಕು. ಆದರೆ 1907ರಲ್ಲಿ ಅದೇ ಪಾಡೆರೆವ್‌ಸ್ಕಿ ಅಮೆರಿಕದ ಪ್ರವಾಸಕ್ಕೆ ಹೊರಟಾಗ ಅವನ ಮುಂದಿದ್ದುದು ವೆಬರ್ ಎಂಬ ಇನ್ನೊಂದು ಕಂಪೆನಿಯ ಪಿಯಾನೋ. ಮುಂದೆ ಅವನು ಮತ್ತೆ ಸ್ಟೈನ್‌ವೇ ಕಡೆಗೆ ಬಂದ. ಬೆರಳುಗಳು ಅವೇ, ಕಿವಿಯೂ ಅದೇ, ಬದಲಾದುದು ಒಪ್ಪಂದ.

ಇಂದು ಸ್ಟೈನ್‌ವೇ ತನ್ನ ಪಟ್ಟಿಯಲ್ಲಿರುವ ಕಲಾವಿದರಿಗೆ ಹಣ ಕೊಡುವುದಿಲ್ಲ. ಅವರು ತಾವೇ ಕೊಂಡ ವಾದ್ಯವನ್ನು ಇಟ್ಟುಕೊಂಡಿರಬೇಕೆಂಬುದು ಅದರ ನಿಯಮ. ಇದು ಮೊದಲಿಗಿಂತ ಮೇಲು. ಆದರೂ ಕಚೇರಿಯ ದಿನ ವೇದಿಕೆಗೆ ಪಿಯಾನೋ ಬರಬೇಕಾದುದು ಕಂಪೆನಿಯ ಉಗ್ರಾಣದಿಂದ. 1972ರಲ್ಲಿ ಗ್ಯಾರಿಕ್ ಓಲ್ಸನ್ ಎಂಬ ಯುವಕ, ಷೋಪ್ಯಾನ್ ಸ್ಪರ್ಧೆಯಲ್ಲಿ ಎರಡು ವರ್ಷದ ಹಿಂದೆ ಗೆದ್ದವನು, ಬೋಸೆನ್‌ಡಾರ್ಫರ್ ಪಿಯಾನೋವನ್ನು ಬಹಿರಂಗವಾಗಿ ಹೊಗಳಿದ. ನ್ಯೂಯಾರ್ಕಿನ ಕಚೇರಿಗೆಂದು ಬಂದಿದ್ದ ಸ್ಟೈನ್‌ವೇ ಪಿಯಾನೋ ಹಿಂದಕ್ಕೆ ಹೋಯಿತು. ಅವನು ಎರವಲು ತಂದ ಬೋಸೆನ್‌ಡಾರ್ಫರನ್ನೇ ನುಡಿಸಬೇಕಾಯಿತು. ಹಣ ಪಡೆಯದ ನಾಲಗೆಗೂ ಕಡಿವಾಣವುಂಟೆಂದು ಇದರಿಂದ ತಿಳಿಯುತ್ತದೆ.

ಇಷ್ಟಾದರೂ ಪಿಯಾನೋ ವಿಚಾರದಲ್ಲಿ ಕಲಾವಿದ ಹೊಗಳಿದ ವಾದ್ಯವನ್ನೇ ಸಭೆಯಲ್ಲಿ ನುಡಿಸುತ್ತಿದ್ದನೆಂಬ ಸಮಾಧಾನವಿತ್ತು. ಗಿಟಾರಿನ ಯುಗ ಬಂದಾಗ ಅದೂ ಹೋಯಿತು. ವಾದ್ಯಕ್ಕೆ ಕಲಾವಿದನ ಹೆಸರನ್ನೇ ಇಟ್ಟು ಮಾರುವ ಉಪಾಯ ಅಮೆರಿಕದಲ್ಲಿ ಜೋರಾಯಿತು. 1952ರಲ್ಲಿ ಗಿಬ್ಸನ್ ಕಂಪೆನಿ ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕನ ಹೆಸರಿನ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಮೊದಲ ತಂಡದ ವಾದ್ಯಗಳಲ್ಲಿ ಕತ್ತು ಕುಳಿತ ಕೋನ ಸರಿಯಾಗಿರಲಿಲ್ಲ. ತಂತಿಗಳು ಹಿಂಬದಿಯ ಕಂಬಿಯ ಮೇಲಿಂದ ಹಾಯುವ ಬದಲು ಅದರ ಅಡಿಯಲ್ಲಿ ಹಾಯುತ್ತಿದ್ದುವು. ಬಲಗೈಯ ಅಂಗೈಯನ್ನು ತಂತಿಯ ಮೇಲಿರಿಸಿ ನಾದವನ್ನು ಅಡಗಿಸುವುದು ಲೆಸ್ ಪಾಲನ ವಿಶೇಷ ಚಳಕ. ಅವನ ಹೆಸರು ಹೊತ್ತ ವಾದ್ಯದ ಮೇಲೆ ಅದೊಂದನ್ನು ಮಾಡುವುದೇ ಕಷ್ಟವಾಗಿತ್ತು! ಅವನು ಆಕ್ಷೇಪಿಸಿದ, ಮರುವರ್ಷ ಕಂಪೆನಿ ಅದನ್ನು ತಿದ್ದಿತು. ಅವನು ಸ್ವತಃ ನುಡಿಸುತ್ತಿದ್ದುದಾದರೋ ತಾನೇ ಬಿಚ್ಚಿ, ಕೊರೆದು, ತನಗೆ ಬೇಕಾದಂತೆ ಮಾರ್ಪಡಿಸಿಕೊಂಡ ವಾದ್ಯಗಳನ್ನು. 1961ರಲ್ಲಿ ಕಂಪೆನಿ ಆ ಗಿಟಾರಿನ ಆಕಾರವನ್ನೇ ಬದಲಿಸಿ ಹೆಸರನ್ನು ಹಾಗೆಯೇ ಉಳಿಸಿಕೊಂಡಿತು. ಹೊಸ ಆಕಾರ ಅವನಿಗೆ ಹಿಡಿಸಲಿಲ್ಲ. 1963ರಲ್ಲಿ ಒಪ್ಪಂದ ಮುಗಿದ ಮೇಲೆ ಹೆಸರು ಬಿದ್ದುಹೋಯಿತು, 1968ರಲ್ಲಿ ಹಳೆಯ ಆಕಾರದೊಡನೆ ಮರಳಿ ಬಂತು.

ಗ್ರೆಚ್ ಕಂಪೆನಿಯವರು ಚೆಟ್ ಅಟ್ಕಿನ್ಸನ ಹೆಸರಿನಲ್ಲಿ ಹೊರಡಿಸಿದ ಗಿಟಾರಿನ ಪಾಡೂ ಇದೇ. 1950ರ ದಶಕದ ನಡುವಿನಲ್ಲಿ ಬಂದ ಆ ಕಿತ್ತಳೆ ಬಣ್ಣದ ವಾದ್ಯದ ಮೇಲೆ ಎತ್ತಿನ ತಲೆ, ದನಗಳಿಗೆ ಹಾಕುವ ಬರೆಯಂಥ ಗುರುತು, ದನಗಾಹಿಗಳ ನಾಡಿನ ಸಕಲ ಅಲಂಕಾರಗಳು. ಅಟ್ಕಿನ್ಸ್ ಸೌಮ್ಯ, ನಾಜೂಕಿನ ವಾದಕ. ಅವನಿಗೆ ಆ ಎತ್ತಿನ ತಲೆಯೂ ಬೇಡವಾಗಿತ್ತು, ನಾದವನ್ನು ವಿದ್ಯುತ್ತಿಗೆ ತಿರುಗಿಸುವ ಅದರ ಸುರುಳಿಗಳೂ ಒಗ್ಗಿರಲಿಲ್ಲ. ಅಲಂಕಾರಗಳು ಒಂದೊಂದಾಗಿ ಉದುರಿದುವು, ಸುರುಳಿಗಳೂ ಬೇರೆಯಾದುವು. ಅಷ್ಟರಲ್ಲಿ ಅವನ ಹೆಸರನ್ನು ನಂಬಿ ಮೊದಲ ಮಾದರಿಯನ್ನು ಕೊಂಡವರ ಮನೆಗಳಲ್ಲಿ ಎತ್ತಿನ ತಲೆ ಭದ್ರವಾಗಿತ್ತು.

ನಿಜವಾಗಿಯೂ ಮನವೊಪ್ಪುವ ಶಿಫಾರಸು ಒಂದೂ ಇಲ್ಲವೇ? ಉಂಟು, ಆದರೆ ಅದರಲ್ಲಿಯೂ ವಿನೋದವಿದೆ. 1963ರಲ್ಲಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಲಂಡನ್ನಿನ ಅಂಗಡಿಯೊಂದರಲ್ಲಿ ತನ್ನ ಹಳೆಯ ಡ್ರಮ್ಮುಗಳನ್ನು ಕೊಟ್ಟು ಅಮೆರಿಕದ ಲಡ್‌ವಿಗ್ ಕಂಪೆನಿಯ ಡ್ರಮ್ಮುಗಳನ್ನು ತೆಗೆದುಕೊಂಡ. ಕಂಪೆನಿಯವರು ಅವನನ್ನು ಕೇಳಿಕೊಂಡಿರಲಿಲ್ಲ. 1964ರ ಫೆಬ್ರುವರಿ 9ರಂದು ಅಮೆರಿಕದ ದೂರದರ್ಶನದಲ್ಲಿ ಸುಮಾರು 7 ಕೋಟಿ 30 ಲಕ್ಷ ಜನ ಆ ತಂಡವನ್ನು ನೋಡಿದರು. ದೊಡ್ಡ ಡ್ರಮ್ಮಿನ ಮುಖದ ಮೇಲೆ ಲಡ್‌ವಿಗ್ ಎಂಬ ಹೆಸರೂ ಕಂಡಿತು. ಕಾರ್ಖಾನೆಗೆ ಕೈಬಿಡುವಿಲ್ಲದಷ್ಟು ಕೆಲಸ ಬಂತು. ರಿಂಗೋ ಅದನ್ನು ಆರಿಸಿದ್ದು ಯಾವ ಗುಣಕ್ಕಾಗಿ? ಮುತ್ತಿನ ಚಿಪ್ಪಿನಂತೆ ಹೊಳೆಯುವ ಅದರ ಕಪ್ಪು ಬಣ್ಣ ಅವನ ಕಣ್ಣಿಗೆ ಚೆನ್ನಾಗಿ ಕಂಡಿತ್ತು.

ಭಾರತಕ್ಕೆ ಬಂದರೆ ಈ ಕಥೆಯ ನಾಯಕ ಹಾರ್ಮೋನಿಯಂ. ಯೂರೋಪಿನಲ್ಲಿ ಕಾಲಿನಿಂದ ತುಳಿದು ನುಡಿಸುತ್ತಿದ್ದ ಆ ವಾದ್ಯವನ್ನು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ಮಾರ್ಪಡಿಸಿ ಹರಡಿದವರಲ್ಲಿ ಮುಖ್ಯರು ಕಲ್ಕತ್ತೆಯ ದ್ವಾರಕಾನಾಥ ಘೋಷರು. 1875ರಲ್ಲಿ ಅವರು ತೆರೆದ ಅಂಗಡಿಯೇ ದ್ವಾರ್ಕಿನ್. 1880ರ ದಶಕದಲ್ಲಿ ಆ ಕಂಪೆನಿಯ ಹಾರ್ಮೋನಿಯಮ್ಮನ್ನು ಮೆಚ್ಚಿ, ಬಂಗಾಳಿ ಸಂಗೀತಕ್ಕೆ ಅದು ಚೆನ್ನಾಗಿ ಒಪ್ಪುತ್ತದೆಂದು ಪ್ರಶಂಸಾಪತ್ರ ಬರೆದುಕೊಟ್ಟವರಲ್ಲಿ ಇನ್ನೂ ಮೂವತ್ತು ತುಂಬದ ಕವಿಯೊಬ್ಬರಿದ್ದರು. ಅವರು ರವೀಂದ್ರನಾಥ ಠಾಕೂರರು.

ಅರ್ಧ ಶತಮಾನ ಕಳೆಯಿತು. 1940ರ ಜನವರಿಯಲ್ಲಿ ಅದೇ ರವೀಂದ್ರರು ಆಲ್ ಇಂಡಿಯಾ ರೇಡಿಯೋದ ಕಲ್ಕತ್ತಾ ಕೇಂದ್ರದ ನಿರ್ದೇಶಕರಿಗೆ ಪತ್ರ ಬರೆದು, ಹಾರ್ಮೋನಿಯಮ್ಮಿನ ಬಳಕೆಗೆ ತಾವು ಕಡುವಿರೋಧಿಯೆಂದು ತಿಳಿಸಿದರು. ಅದೇ ಮಾರ್ಚ್ 1ರಿಂದ ರೇಡಿಯೋ ಕೇಂದ್ರಗಳಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು, ಗಮಕಗಳು ಆ ಪೆಟ್ಟಿಗೆಗೆ ಸಾಧ್ಯವಿಲ್ಲ. ಹನ್ನೆರಡು ಮನೆಗಳಲ್ಲಿ ಅಚ್ಚೊತ್ತಿದ ಅದರ ಸ್ವರಗಳು ರಾಗದ ಸೂಕ್ಷ್ಮಗಳನ್ನು ಕೆಡಿಸುತ್ತವೆ ಎಂಬುದು ವಿರೋಧಿಗಳ ವಾದವಾಗಿತ್ತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಮನುಷ್ಯನಿಗೆ, ಅದರಲ್ಲಿಯೂ ಕವಿಗೆ, ಐವತ್ತು ವರ್ಷಗಳಲ್ಲಿ ಅಭಿಪ್ರಾಯವನ್ನು ಬದಲಿಸಿಕೊಳ್ಳುವ ಹಕ್ಕು ಇದ್ದೇ ಇದೆ. ಕಿವಿಯೂ ಬೆಳೆಯುವಂಥದೇ. ಅಂಗಡಿಯ ಗೋಡೆಯ ಮೇಲಿನ ಪತ್ರ ಮಾತ್ರ ಬೆಳೆಯುವುದಿಲ್ಲ; ಇಪ್ಪತ್ತೇಳರ ಹರೆಯದ ಉತ್ಸಾಹವನ್ನು ಅದು ಎಪ್ಪತ್ತೆಂಟರ ಮುದುಕನ ಹೆಸರಿನಲ್ಲಿಯೂ ಮಾರುತ್ತಲೇ ಇರಬಲ್ಲದು.

ಕನ್ನಡ ನಾಡಿಗೆ ಈ ಪೆಟ್ಟಿಗೆ ಬಂದು ನೆಲೆಸಿದ್ದಕ್ಕೆ ಯಾರ ಪ್ರಶಂಸಾಪತ್ರವೂ ಬೇಕಾಗಲಿಲ್ಲ. ವೃತ್ತಿ ನಾಟಕ ಕಂಪೆನಿಗಳ ಡೇರೆಗಳಲ್ಲಿ ಕಾಲು ಹಾರ್ಮೋನಿಯಮ್ಮಿನ ದನಿಯನ್ನು ರಾತ್ರಿಯೆಲ್ಲ ಕೇಳಿದವರು ಅದನ್ನು ಮನೆಗೆ ತಂದುಕೊಂಡರು. ಧಾರವಾಡ, ಹುಬ್ಬಳ್ಳಿಯ ಗಾಯಕರು ತಂಬೂರಿಗಾಗಿ ಮೀರಜಿಗೆ ಹೋದದ್ದೂ ಹೀಗೆಯೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿದ್ದವರು. ವಾದ್ಯಗಳನ್ನು ತಮ್ಮ ಕೈಯಾರೆ ದುರಸ್ತಿ ಮಾಡಬಲ್ಲವರಾಗಿದ್ದರು. ಜವಾರಿಯ ದೋಷವನ್ನು ತಾನೇ ಕುಳಿತು ತಿದ್ದಬಲ್ಲ ಗಾಯಕನು ಒಂದು ತಂಬೂರಿಯನ್ನು ಒಪ್ಪಿಕೊಂಡನೆಂದರೆ ಆ ಒಪ್ಪಿಗೆಗೆ ಸಹಿ ಅನಾವಶ್ಯಕ.

ಕಲಾವಿದರು ವಾದ್ಯವಲ್ಲದ ವಸ್ತುಗಳನ್ನೂ ಹೊಗಳುತ್ತಾರೆ. ಅದರಿಂದ ಅಷ್ಟೇನೂ ಹಾನಿಯಿಲ್ಲ. ಗಾನಕೋಗಿಲೆಯೆನಿಸಿದ್ದ ಅಡೆಲಿನಾ ಪ್ಯಾಟಿ ಪೇರ್ಸ್ ಸಾಬೂನನ್ನು ಮೆಚ್ಚಿದ್ದಳು. ತಬಲಾದ ಜಾಕಿರ್ ಹುಸೇನರು ತಾಜ್ ಮಹಲ್ ಚಹಾದ ಜಾಹೀರಾತಿನಲ್ಲಿ ಮನೆಮನೆಗೂ ಪರಿಚಿತರಾದರು. ಆ ಚಹಾವನ್ನು ಕುಡಿದರೆ ತಬಲಾ ಬರುತ್ತದೆಂದು ಯಾವ ತಾಯಿಯೂ ನಂಬಲಿಲ್ಲ. ಚಹಾ ರುಚಿಸದಿದ್ದರೆ ನಷ್ಟ ಒಂದು ಪೊಟ್ಟಣದ್ದು.

ವಾದ್ಯದ ನಷ್ಟ ಬೇರೆ ಜಾತಿಯದು. ನಗರದ ಸಂಸಾರವೊಂದರಲ್ಲಿ ಮಗಳು ಗಿಟಾರು ಬೇಕೆನ್ನುತ್ತಾಳೆ. ತಂದೆಗೆ ವಾದ್ಯದ ಗಂಧವಿಲ್ಲ. ತಿಂಗಳ ಖರ್ಚಿನಲ್ಲಿ ಹಿಡಿದು ಉಳಿಸಿದ ಹಣವಿದೆ. ಜಾಹೀರಾತಿನಲ್ಲಿ ಕಂಡ ದೊಡ್ಡ ಹೆಸರನ್ನು ನಂಬಿ ಅದೇ ಸಹಿಯುಳ್ಳ ಅಗ್ಗದ ಮಾದರಿಯನ್ನು ತರುತ್ತಾನೆ. ಆ ಹೆಸರಿನವನು ನುಡಿಸುವ ವಾದ್ಯವನ್ನು ಹದಗೊಳಿಸುವುದಕ್ಕೆ ಪ್ರತ್ಯೇಕ ಕುಶಲಕರ್ಮಿಯಿದ್ದಾನೆ. ಅಂಗಡಿಯದನ್ನು ಯಾರೂ ಹದಗೊಳಿಸಿಲ್ಲ. ತಂತಿ ಮೆಟ್ಟಿನಿಂದ ಬಹಳ ಎತ್ತರದಲ್ಲಿ ನಿಂತಿದೆ. ಒತ್ತಿದರೆ ಎಳೆಯ ಬೆರಳಿನ ತುದಿ ಕೆಂಪಾಗಿ ಊದಿಕೊಳ್ಳುತ್ತದೆ, ಒತ್ತಿದ ಮೇಲೂ ಸ್ವರ ಒಂದು ಕೂದಲೆಳೆ ಏರಿಯೇ ನುಡಿಯುತ್ತದೆ. ಚಿತ್ರದಲ್ಲಿ ಮುಗುಳ್ನಗುವವನ ಕೈಯಲ್ಲಿ ಇಂಪಾಗಿ ನುಡಿಯುವುದು ತನ್ನ ಕೈಯಲ್ಲಿ ನುಡಿಯದಿದ್ದರೆ ಹನ್ನೆರಡು ವರ್ಷದ ಹುಡುಗಿ ಯಾರನ್ನು ದೂರಬೇಕು? ಅವಳು ತನ್ನನ್ನೇ ದೂರಿಕೊಳ್ಳುತ್ತಾಳೆ. ಮೂರು ತಿಂಗಳಲ್ಲಿ ಗಿಟಾರು ಬೀರುವಿನ ಮೇಲೇರುತ್ತದೆ. ‘ಅವಳಿಗೆ ಸಂಗೀತ ಹತ್ತಲಿಲ್ಲ’ ಎಂದು ಬಂಧುಗಳೆದುರು ಮನೆಯವರು ಹೇಳುತ್ತಾರೆ. ಮದುವೆಯಾಗಿ ಮಕ್ಕಳಾದ ಮೇಲೂ ಅವಳು ಆ ಮಾತನ್ನು ಹಾಗೆಯೇ ಹೇಳಿಕೊಂಡಿರುತ್ತಾಳೆ. ಲೆಸ್ ಪಾಲನಿಗೇ ತನ್ನ ಹೆಸರಿನ ವಾದ್ಯ ಒಗ್ಗಿರಲಿಲ್ಲವೆಂದು ಅವಳಿಗೆ ಹೇಳಿದವರಿಲ್ಲ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕನಿಗಷ್ಟೇ ಅಲ್ಲದೆ ಶಿಫಾರಸು ಮಾಡಿದವನಿಗೂ 10 ಲಕ್ಷ ರೂಪಾಯಿಗಳವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಜೂನ್ 9ರ ಮಾರ್ಗಸೂಚಿಗಳು, ಶಿಫಾರಸು ಪ್ರಾಮಾಣಿಕವಾದ ಅಭಿಪ್ರಾಯವಾಗಿರಬೇಕು, ವಸ್ತುವಿನ ಬಗ್ಗೆ ಸಾಕಷ್ಟು ತಿಳಿವಳಿಕೆಯೋ ಅನುಭವವೋ ಅದರ ಹಿಂದಿರಬೇಕು, ಕಂಪೆನಿಯೊಡನೆ ಇರುವ ಸಂಬಂಧವನ್ನು ಮರೆಮಾಡಬಾರದು ಎಂದು ವಿಧಿಸಿವೆ. ಒಳ್ಳೆಯದೇ. ಆದರೆ ‘ನಾದ ಮಧುರ’ ಎಂಬ ಮಾತನ್ನು ಯಾವ ನ್ಯಾಯಪೀಠ ತೂಗಬಲ್ಲದು? ಮಾಧುರ್ಯಕ್ಕೆ ಸೇರು ಪಾವುಗಳಿಲ್ಲ. ತಂತಿಯ ಎತ್ತರಕ್ಕೆ ಅಳತೆಯುಂಟು, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಹೇಳದಿದ್ದರೆ ಅಂಗಡಿಯಲ್ಲಿ ನೋಡಿಕೊಳ್ಳಬಹುದು. ಉಕ್ಕಿನ ತಂತಿಯ ಗಿಟಾರಿನಲ್ಲಿ ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿ ಸುಮಾರು ಎರಡರಿಂದ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿರಬೇಕು. ನಾಲ್ಕು ಮಿಲಿಮೀಟರ್ ಇದ್ದರೆ ಮಕ್ಕಳ ಬೆರಳಿಗೆ ಅದು ಶಿಕ್ಷೆ. ಹಾರ್ಮೋನಿಯಂ ಆದರೆ ಕಲಿಸುವ ಮೇಷ್ಟರನ್ನು ಜೊತೆಗೆ ಕರೆದೊಯ್ಯುವುದು ಮೇಲು. ಅವರು ಮನೆಗಳನ್ನು ಒಂದೊಂದಾಗಿ ಒತ್ತುವಾಗ ಕೊಳ್ಳುವವರು ಬೆನ್ನು ತಿರುಗಿಸಿ ನಿಂತು ಕೇಳಲಿ. ಆಗ ಪೆಟ್ಟಿಗೆಯ ಹೊಳಪು ಕಿವಿಯನ್ನು ಕೆಡಿಸುವುದಿಲ್ಲ. ಆಮೇಲೆ ತಿದಿಯಲ್ಲಿ ಗಾಳಿ ತುಂಬಿ, ಯಾವ ಮನೆಯನ್ನೂ ಮುಟ್ಟದೆ ಒತ್ತಿ ಹಿಡಿಯಬೇಕು. ಅದು ಕೈಗೆ ಎದುರಾಗಿ ಗಟ್ಟಿಯಾಗಿ ನಿಲ್ಲಬೇಕು. ಮೆಲ್ಲಮೆಲ್ಲನೆ ಕುಸಿಯುತ್ತ ಹೋದರೆ ಎಲ್ಲಿಯೋ ಗಾಳಿ ಸೋರುತ್ತಿದೆ. ಅಂಗಡಿಯಾತ ಅಷ್ಟರಲ್ಲಿ ಗೋಡೆಯ ಮೇಲಿನ ಚಿತ್ರದ ಕಡೆ ಕೈ ತೋರಿಸತೊಡಗಿದರೆ, ಅವನ ಮಾತು ಮುಗಿಯುವವರೆಗೂ ತಿದಿಯನ್ನು ಹಾಗೆಯೇ ಒತ್ತಿ ಹಿಡಿದಿರುವುದು ಕ್ಷೇಮ.